ತೀವ್ರ ಕಳವಳದ ಕರಡುಗಾರ

ವಿದೇಶಾಂಗ ಕಚೇರಿಯ ಹಿರಿಯ ಕರಡುಗಾರರು ಇಪ್ಪತ್ತೆರಡು ವರ್ಷದಿಂದ ಬೇರೆ ದೇಶಗಳಿಗೆ ‘ತೀವ್ರ ಕಳವಳ’ ಬರೆದು ಕಳಿಸಿದವರು. ನೆರೆದೇಶ ಪರಸ್ಪರ ತಪಾಸಣೆಯ ಕ್ಷಿಪಣಿ ಒಪ್ಪಂದವನ್ನು ಅಮಾನತಿನಲ್ಲಿಟ್ಟು ನಮ್ಮ ತಪಾಸಕರನ್ನು ಹೊರಗಟ್ಟಿದ ದಿನವೂ ಅದನ್ನೇ ಬರೆದರು. ಸಾಹೇಬರು ಮಾತ್ರ ಪಕ್ಕದ ಮೇಜಿನ ಹೊಸ ಹುಡುಗಿಯ ಕರಡಿಗೆ ರುಜು ಹಾಕಿದರು. ಅದರಲ್ಲಿ ಕಳವಳದ ಸುಳಿವೇ ಇರಲಿಲ್ಲ. “ನಿಮ್ಮ ತಪಾಸಕರಿಗೆ ನಮ್ಮ ಗೇಟು ಎಂದಿನಂತೆ ತೆರೆದಿರುತ್ತದೆ” ಎಂಬ ಒಂದೇ ಸಾಲು.

“ಇದೇನು ಮದುವೆ ಆಮಂತ್ರಣಾನಾ?” ಎಂದು ಕರಡುಗಾರರು ಮನೆಯಲ್ಲಿ ಕಿಡಿ ಕಾರಿದರು.

“ಚೆನ್ನಾಗೇ ಇದೆಯಲ್ರೀ,” ಎಂದಳು ಹೆಂಡತಿ. ಅವರ ಹೊಟ್ಟೆಯುರಿ ಇಮ್ಮಡಿಯಾಯಿತು.

ಹನ್ನೊಂದನೇ ದಿನ ನೆರೆದೇಶ ಒಪ್ಪಂದಕ್ಕೆ ಮರಳಿತು. ಕಚೇರಿಯೆಲ್ಲ ಎದ್ದು ಹುಡುಗಿಗೆ ಚಪ್ಪಾಳೆ ತಟ್ಟಿತು. ಅವರೂ ಹಲ್ಲು ಕಿರಿದು ತಟ್ಟಿದರು, ಒಳಗೊಳಗೇ ಹಲ್ಲು ಕಡಿದರು: “ಹಾಳಾದವರು, ಇಷ್ಟು ಬೇಗ ಬಗ್ಗಿಬಿಡೋದಾ?”