ಊಟದ ಬಿಡುವಿಗೊಂದು ಕಥೆ

ಬನ್ನಿಮಂಟಪದ ಹತ್ತಿರ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಿದೆ. ಅಲ್ಲಿ ಲಿಂಗರಾಜು ಎಚ್.ಆರ್. ಮ್ಯಾನೇಜರ್. ಹದಿನಾಲ್ಕು ವರ್ಷಗಳಿಂದ ಮಾಲೀಕರ ಮಾತನ್ನು ಕೆಲಸದ ಹೆಂಗಸರಿಗೆ ಮುಟ್ಟಿಸಿಕೊಂಡು ಬಂದಿದ್ದ. ಹೆಂಗಸರ ಮಾತನ್ನು ಮಾಲೀಕರಿಗೆ ಮುಟ್ಟಿಸುವುದೂ ಅವನ ಕೆಲಸವೇ ಎಂದು ನೇಮಕಾತಿ ಪತ್ರದಲ್ಲಿತ್ತು. ಆ ಪತ್ರವನ್ನು ಅವನು ಮನೆಯ ಬೀರುವಿನಲ್ಲಿ ಬಹಳ ಭದ್ರವಾಗಿ ಇಟ್ಟಿದ್ದ.

ಕಳೆದ ವರ್ಷ ಮಾಲೀಕ ಯೋಗೇಂದ್ರ ಅವರಿಗೆ ಒಂದು ವಿಚಾರ ಹೊಳೆಯಿತು. ಊಟದ ಬಿಡುವು ಮುಕ್ಕಾಲು ಗಂಟೆ ಯಾಕೆ, ಅರ್ಧ ಗಂಟೆ ಸಾಲದೆ? ಅವರು ಸ್ವತಃ ಮಧ್ಯಾಹ್ನ ಸಿದ್ಧಾರ್ಥನಗರದ ಮನೆಗೆ ಹೋಗಿ, ಉಂಡು, ಕೊಂಚ ಅಡ್ಡಾಗಿ ಮೂರೂವರೆಗೆ ಬರುವವರಾದ್ದರಿಂದ, ಊಟಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಅನುಭವದಿಂದಲೇ ಬಲ್ಲವರಾಗಿದ್ದರು.

"ಸುಮ್ನೆ ನೋಟಿಸ್ ಅಂಟಿಸಿದ್ರೆ ಗಲಾಟೆ ಮಾಡ್ತಾರೆ ಲಿಂಗರಾಜು. ಅವ್ರೇ ಒಪ್ಕೋಬೇಕು. ಈಗೆಲ್ಲ ಕಥೆ ಹೇಳಿ ಮನಸ್ಸು ತಿರುಗಿಸ್ತಾರಂತೆ. ಗೋಕುಲಂನಲ್ಲಿ ಎರಡು ದಿನದ ಟ್ರೈನಿಂಗ್ ಇದೆ, ಹೋಗ್ಬನ್ನಿ" ಎಂದರು.

ಲಿಂಗರಾಜು ಹೋದ. ಬೆಳಿಗ್ಗೆ ವಿದೇಶೀಯರು ಯೋಗ ಮಾಡಿ ಬಿಟ್ಟುಹೋದ ಹಾಲ್‌ನಲ್ಲಿ ಮೈಸೂರಿನ ಇಪ್ಪತ್ತು ಮಂದಿ ಎಚ್.ಆರ್.ಗಳು ಚಕ್ಕಳಮಕ್ಕಳ ಹಾಕಿ ಕೂತರು. ಕಲಿಸಲು ಬಂದ ಮಾನಸ ಎಂಬ ಹುಡುಗಿ, "ಅಂಕಿಅಂಶ ಯಾರಿಗೂ ನೆನಪಿರಲ್ಲ, ಮನುಷ್ಯರು ನೆನಪಿರ್ತಾರೆ. ನಿಮ್ಮ ಮನೆಯವರ ಕಥೆನೇ ಹೇಳಿ. ಆದ್ರೆ ಅದು ನಿಜ ಆಗಿರ್ಬೇಕು" ಎಂದಳು. ಕೊನೆಯ ಮಾತಿನ ಹೊತ್ತಿಗೆ ಸರಿಯಾಗಿ ಕಾಫಿ ಬಂತು. ಲಿಂಗರಾಜುವಿನ ನೋಟ್‌ಬುಕ್ಕಿನಲ್ಲಿ ಆ ಸಾಲು ಇಲ್ಲ.

ಸೋಮವಾರ ಬೆಳಿಗ್ಗೆ ಮಿಷನ್ನುಗಳನ್ನು ನಿಲ್ಲಿಸಿ ಇನ್ನೂರ ಎಂಬತ್ತು ಹೆಂಗಸರನ್ನು ಸೇರಿಸಲಾಯಿತು. ಲಿಂಗರಾಜು ಮೈಕ್ ಹಿಡಿದು, ಕಲಿತಂತೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಶುರುಮಾಡಿದ.

"ನಮ್ಮಜ್ಜಿ ಸಾಕಮ್ಮ ಅಂತ. ನಂಜನಗೂಡಿನ ಕಡೆ ಗದ್ದೆ ನಾಟಿ ಮಾಡ್ತಿದ್ಲು. ಊಟಕ್ಕೆ ಅಂತ ಕೂತವಳೇ ಅಲ್ಲ. ಬದುವಿನ ಮೇಲೆ ನಿಂತೇ ಐದು ನಿಮಿಷದಲ್ಲಿ ಎರಡು ತುತ್ತು ಉಂಡು ಗದ್ದೆಗೆ ಇಳೀತಿದ್ಲು. ಯಾಕೆ? ಕೆಲಸವೇ ದೇವರು ಅಂತಿದ್ಲು." ಇಲ್ಲಿ ಗಂಟಲು ಕಟ್ಟಬೇಕಿತ್ತು, ಕಟ್ಟಿತು. ಮುಂದಿನ ಸಾಲಿನ ಮಂಜುಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಿಂಗರಾಜುವಿಗೆ ತನ್ನ ಮೇಲೆ ತನಗೇ ಗೌರವ ಬಂತು. "ಹಾಗಿದ್ಮೇಲೆ ನಮಗೆ ಊಟಕ್ಕೆ ಅರ್ಧ ಗಂಟೆ ಸಾಲದಾ?" ಎಂದ.

ಆಗ ಕಾಲರ್ ಹೊಲಿಯುವ ಬಸಮ್ಮ ಎದ್ದು ನಿಂತಳು. ಐವತ್ತು ದಾಟಿದ ಹೆಂಗಸು. ಅವಳ ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ಲಿಂಗರಾಜುವಿನ ಕಂಪ್ಯೂಟರಿನಲ್ಲಿದ್ದವು. ತವರೂರು ಯಾವುದು ಎಂಬ ಕಲಂ ಮಾತ್ರ ಕೆಲಸದ ಅರ್ಜಿಯಲ್ಲಿರಲಿಲ್ಲ.

"ಸಾ, ನೀವು ನಮ್ಮೂರ ಸಾಕಮ್ಮತ್ತೆ ಮೊಮ್ಮಗನಾ? ಕೆರೆ ಏರಿ ಪಕ್ಕದ ಮನೆ?"

"ಹೌದು" ಎಂದ ಲಿಂಗರಾಜು. ಬೇರೆ ದಾರಿಯಿರಲಿಲ್ಲ.

"ಅಯ್ಯೋ, ಆಯಮ್ಮ ನಿಂತ್ಕಂಡು ಉಂಡಿದ್ದು ನಾನ್ ಕಾಣೆ! ನಾನೂ ಜೊತೇಲಿ ನಾಟಿ ಆಕಿವ್ನಿ. ಬಿದಿರು ಮೆಳೆ ನೆರಳಲ್ಲಿ ಕಾಲ್ ನೀಡ್ಕಂಡ್ ಕುಂತ್ರೆ, ಉಂಡು, ಎಲೆ ಅಡಿಕೆ ಆಕ್ಕಂಡೇ ಏಳೋದು. ಒಂದ್ಸಲ ಗದ್ದೆ ಯಜಮಾನ ಬಂದು 'ಎದ್ದೇಳ್ರಮ್ಮಿ, ಒತ್ತಾಯ್ತು' ಅಂದ. ಆಯಮ್ಮ 'ಪೈರು ನಾಳೆಗಂಟ ಕಾಯ್ತದೆ ಕಣಪ್ಪ, ಒಟ್ಟೆ ಕಾಯಕಿಲ್ಲ' ಅಂದ್ಬುಟ್ಟು ಇನ್ನೊಂದ್ ಮುದ್ದೆ ಇಕ್ಕುಸ್ಕಂಡ್ಲು. ಆವತ್ತಿಂದ ಯಜಮಾನ ಉಣ್ಣೋ ಒತ್ನಲ್ಲಿ ಆ ಕಡೆ ತಲೆ ಆಕ್ಲಿಲ್ಲ."

ಇನ್ನೂರ ಎಂಬತ್ತು ಮಂದಿ ಒಟ್ಟಿಗೆ ನಕ್ಕರು. ಕಣ್ಣೊರೆಸಿಕೊಂಡಿದ್ದ ಮಂಜುಶ್ರೀಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡು ದಿನ ತರಬೇತಿ ಪಡೆದ ಕಥೆ, ತರಬೇತಿಯಿಲ್ಲದ ಕಥೆಯ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ.

"ಮುಕ್ಕಾಲು ಗಂಟೆಲೇ ಆಗಾಕಿಲ್ಲ ಸಾ" ಎಂದಳು ಬಸಮ್ಮ, ಈಗ ನಗದೆ. "ಇರೋದು ನಾಕ್ ನಲ್ಲಿ. ಕೈ ತೊಳಿಯೋಕೇ ಅರ್ಧ ಬಿಡುವು ಓಯ್ತದೆ. ಒಂದಿನ ಬಂದು ನಿಂತ್ ನೋಡಿ."

ಲಿಂಗರಾಜುವಿನ ಕಿವಿ ಕೆಂಪಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕಿಂತ, ತನ್ನ ಸ್ವಂತ ಅಜ್ಜಿಯನ್ನು ಈ ಹೆಂಗಸು ತನಗಿಂತ ಚೆನ್ನಾಗಿ ಬಲ್ಲಳೆಂಬುದು ಚುಚ್ಚಿತು. ಮರುದಿನ ಅವನು ಡಬ್ಬಿ ಹಿಡಿದು ಸಾಲಿನ ಕೊನೆಯಲ್ಲಿ ನಿಂತ. ಕೈ ತೊಳೆಯುವಷ್ಟರಲ್ಲಿ ಮೂವತ್ತೆಂಟು ನಿಮಿಷ ಕಳೆಯಿತು. ಉಪ್ಪಿಟ್ಟು ಅರ್ಧಕ್ಕೆ ಬಂದಾಗ ಬೆಲ್ ಹೊಡೆಯಿತು. ಹದಿನಾಲ್ಕು ವರ್ಷಗಳಲ್ಲಿ ಆ ಬೆಲ್ ಇಷ್ಟು ಕರ್ಕಶವಾಗಿದೆಯೆಂದು ಅವನಿಗೆ ತಿಳಿದದ್ದು ಅಂದೇ.

ಯೋಗೇಂದ್ರ ಅವರ ಮುಂದೆ ನಿಂತು, ಕಂಡದ್ದನ್ನೆಲ್ಲ ಕಂಡಂತೆ ಹೇಳಿದ. ಅರ್ಧ ಉಂಡು ಡಬ್ಬಿ ಮುಚ್ಚುವವರ ಬಗ್ಗೆ ಹೇಳಿದ. ಮಾಲೀಕರು "ಪಾಪ" ಎಂದು ಮೊಬೈಲ್ ನೋಡಿಕೊಂಡರು. ನಿಜವಾದ ಕಥೆಗೂ ಎಲ್ಲರೂ ಕರಗುವುದಿಲ್ಲ ಎಂಬುದನ್ನು ಆ ಟ್ರೈನಿಂಗಿನಲ್ಲಿ ಯಾರೂ ಹೇಳಿರಲಿಲ್ಲ. ಲಿಂಗರಾಜು ಸ್ವಲ್ಪ ಯೋಚಿಸಿ, "ಸರ್, ಮುಂದಿನ ತಿಂಗಳು ಆರ್ಡರ್ ಕೊಡೋ ಕಂಪನಿಯವರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಕೆಲಸದವರ ಜೊತೆ ಮಾತಾಡ್ಬೇಕು ಅಂತಾರೆ. ಬಸಮ್ಮ ಕಥೆ ಚೆನ್ನಾಗಿ ಹೇಳ್ತಾರೆ" ಎಂದ.

ಮೊಬೈಲ್ ಮೇಜಿನ ಮೇಲೆ ಬಂತು.

ಹದಿನೈದು ದಿನಗಳಲ್ಲಿ ಎಂಟು ಹೊಸ ನಲ್ಲಿಗಳು ಬಂದವು. ಬಿಡುವು ಮುಕ್ಕಾಲು ಗಂಟೆಯಾಗಿಯೇ ಉಳಿಯಿತು. ನಲ್ಲಿಗಳಿಗೆ ಟೇಪು ಕಟ್ಟಿ, ಅದನ್ನು ಕತ್ತರಿಸಿ, ಯೋಗೇಂದ್ರ ಅವರು ಕಾರ್ಮಿಕರ ಹಸಿವು ತಮ್ಮ ನಿದ್ದೆಗೆಡಿಸಿದ್ದನ್ನು ಭಾವುಕರಾಗಿ ವಿವರಿಸಿದರು. ಹೆಂಗಸರು ಧಾರಾಳವಾಗಿ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಬಸಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಈ ಭಾಷಣಾನೂ ನೀವೇ ಬರ್ದಿದ್ದಾ ಸಾ?"

"ಹೂಂ ಬಸಮ್ಮ."

"ಓಗ್ಲಿ ಬುಡಿ, ನಲ್ಲೀಲಿ ನೀರಂತೂ ಬತ್ತದೆ" ಎಂದು ಅವಳು ಕೈ ತೊಳೆಯಲು ಹೋದಳು. ಲಿಂಗರಾಜು ತನ್ನ ಡಬ್ಬಿ ತರಲು ಆಫೀಸಿನ ಕಡೆ ನಡೆದ.