ಎರಡಾದ ಮೇಲೆ ಎಷ್ಟು?

ಕಡಲತೀರದ ಸ್ಟ್ರಾಮ್ನೆಸ್ ಊರಿನಲ್ಲಿ ಶಾಲಾ ಬಸ್ಸು ಓಡಿಸುವ ಇಸ್ಬೆಲ್ ಫ್ಲೆಟ್‌ಗೆ ಅರವತ್ತೊಂದು ವರ್ಷ. ಶನಿವಾರ, ಭಾನುವಾರ ಬಂತೆಂದರೆ ಅವಳು ಮನೆಯಲ್ಲಿ ನಿಂತವಳಲ್ಲ. ಇಪ್ಪತ್ತೆರಡು ವರ್ಷಗಳಿಂದ ಜೊತೆಯಲ್ಲಿ ಡೈವಿಂಗ್ ಮಾಡುವ ಗೆಳೆಯ ಎರ್ಲೆಂಡ್‌ನೊಡನೆ ಸ್ಕಾಪಾ ಕೊಲ್ಲಿಗಿಳಿದು, ತಳದಲ್ಲಿ ಬಿದ್ದಿರುವ ಜರ್ಮನ್ ಯುದ್ಧನೌಕೆಗಳನ್ನು ಸುತ್ತಬೇಕು. ಆ ಕೊರೆಯುವ ನೀರಿನಲ್ಲಿ ಅದೇನು ಸುಖವೋ, ದೇವರೇ ಬಲ್ಲ!

ಅಷ್ಟು ಆಳದಲ್ಲಿ ಉಸಿರಾಡುವ ಗಾಳಿಯೇ ಹೆಂಡದಂತೆ ತಲೆಗೇರುತ್ತದೆ. ಅದಕ್ಕೇ ತಳ ಮುಟ್ಟಿದೊಡನೆ ಒಂದು ಪರೀಕ್ಷೆ: ಒಬ್ಬರು ತೋರಿಸಿದಷ್ಟು ಬೆರಳಿಗೆ ಒಂದು ಸೇರಿಸಿ ಇನ್ನೊಬ್ಬರು ತೋರಿಸಬೇಕು. ಶನಿವಾರ ಇಸ್ಬೆಲ್ ಎರಡು ತೋರಿಸಿದಳು. ಎರ್ಲೆಂಡ್ ಕೂಡ ಎರಡೇ ತೋರಿಸಿದ. ಇನ್ನೊಮ್ಮೆ ಕೇಳಿದರೂ ಎರಡೇ. ತೋಳು ಹಿಡಿದು ಮೇಲೆ ಕರೆತಂದಳು.

"ನೀನು ತೋರ್ಸಿದ್ದು ಒಂದೇ ಕಣೇ," ಎಂದ ಅವನು, ದೋಣಿ ಹತ್ತಿದ್ದೇ ತಡ.

"ಎರಡು ಕಣೋ! ನನ್ನ ಬೆರಳು ನಂಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ಇಷ್ಟು ರಂಪ ಯಾಕೆ?"

ದೋಣಿಯೊಡತಿ ಥೋರಾ ಇಬ್ಬರಿಗೂ ಚಹಾ ಕೊಟ್ಟಳು. "ಯಾರ ತಲೆ ಕೆಟ್ಟಿದೆ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ. ಅವ್ರನ್ನ ಇನ್ಮೇಲೆ ನನ್ನ ದೋಣಿಗೆ ಹತ್ತಿಸಲ್ಲ."

ಸಂಜೆ ಪಾತ್ರೆ ತೊಳೆಯುತ್ತಾ ಇಸ್ಬೆಲ್ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಎರಡೋ, ಒಂದೋ? ಇದೇ ವಯಸ್ಸಿನಲ್ಲಿ ಅವಳಮ್ಮನಿಗೆ ಸ್ವಂತ ಮನೆಯ ಬಾಗಿಲು ಮರೆತುಹೋಗಿತ್ತು. ತಪ್ಪು ಎರ್ಲೆಂಡ್‌ನದೇ ಆಗಿರಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಭಾನುವಾರ ಥೋರಾ ಅವರನ್ನು ದಡದ ಬಳಿ ಮುಳುಗಿರುವ ಹಳೆಯ ಸರಕು ಹಡಗಿನ ಮೇಲಷ್ಟೇ ಇಳಿಸಿದಳು. ಹತ್ತೇ ಮೀಟರ್ ಆಳ. ಅಲ್ಲಿ ಗಾಳಿ ಯಾರ ತಲೆಗೂ ಏರುವುದಿಲ್ಲ. ಎರ್ಲೆಂಡ್ ಎರಡು ತೋರಿಸಿದ. ಇಸ್ಬೆಲ್ ತಟ್ಟನೆ ಮೂರು ತೋರಿಸಿದಳು. ಆಮೇಲೆ ತಾನೂ ಎರಡು ಬೆರಳನ್ನು ಅವನ ಮುಖದೆದುರೇ ಅಗಲಿಸಿ ಹಿಡಿದಳು. ಅವನು ನೋಡಿದ. ತನ್ನ ಬೆರಳುಗಳನ್ನು ಬಿಡಿಸಿದ, ಮಡಚಿದ, ಮತ್ತೆ ಬಿಡಿಸಿದ. ಕೊನೆಗೆ ಕೈ ಇಳಿಸಿಬಿಟ್ಟ.

ಮೇಲೆ ಬಂದು, ದೋಣಿಯ ಮೂಲೆಯಲ್ಲಿ ಕೂತು, ಮೆಲ್ಲಗೆ ಹೇಳಿದ: "ನಿನ್ನೆ ನೀನು ತೋರ್ಸಿದ್ದು ಎರಡೇ ಇಸ್ಬೆಲ್. ನಂಗೆ ಕಾಣಿಸ್ತು. ಎರಡಾದ್ಮೇಲೆ ಎಷ್ಟು ಅಂತ ಹೊಳೀಲಿಲ್ಲ. ಮನೇಲೂ ಹಿಂಗೇ ಆಗ್ತಿದೆ."

"ಪಾಪಿ! ನಿನ್ನೆಯಿಂದ ನಂಗೇ ಹುಚ್ಚು ಹಿಡೀತೇನೋ ಅಂತ ಸಾಯ್ತಾ ಇದ್ದೆ!" ಬೈಯುತ್ತಲೇ ಅವಳಿಗೆ ಅಳು ಬಂತು. ಸಿಟ್ಟೋ, ಸಮಾಧಾನವೋ, ಸಂಕಟವೋ, ಒಂದೂ ತಿಳಿಯಲಿಲ್ಲ.

ಥೋರಾ ಹತ್ತಿರ ಬಂದಳು. "ಏನಾಯ್ತು? ಯಾರನ್ನ ಇನ್ಮೇಲೆ ಹತ್ತಿಸ್ಬಾರ್ದು?"

ಎರ್ಲೆಂಡ್ ತಲೆ ತಗ್ಗಿಸಿದ.

"ಇಬ್ರನ್ನೂ," ಎಂದಳು ಇಸ್ಬೆಲ್.