ಅಕ್ಕ ಎತ್ತಿದ ಮೂರನೇ ಚೆಂಡು

ಅಕ್ಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು, ಕೆನ್ನೆ ಉಬ್ಬಿಸಿ, ಅದರ ಪೈಪಿಗೆ ಊದುತ್ತಲೇ ಇದ್ದರು. ಒಳಗಿದ್ದ ಮೂರು ಪುಟ್ಟ ಚೆಂಡುಗಳು ಮಾತ್ರ ಮಿಸುಕಲೊಲ್ಲವು.

"ಲೇ ಲೀಲಾ, ಇದು ಕೆಟ್ಟೋಗದೆ ಕಣೆ. ಬ್ಯಾರೆ ಕೊಡಕ್ಕೇಳು."

ಅಕ್ಕ ಎಂದರೆ ನನ್ನ ಓರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಎಪ್ಪತ್ತು ದಾಟಿದೆ. ಹೊಟ್ಟೆನೋವೆಂದು ಟಿ. ನರಸೀಪುರದಿಂದ ನಂಜನಗೂಡಿನ ನರ್ಸಿಂಗ್ ಹೋಮಿಗೆ ಕರೆತಂದರೆ, ಗಾಲ್‌ಬ್ಲಾಡರ್ ಆಪರೇಷನ್ನೇ ಆಯಿತು. ಆಪರೇಷನ್ ಸಕ್ಸಸ್. ಪ್ರಾಬ್ಲಮ್ ಶುರುವಾದದ್ದು ಆಮೇಲೆ.

ಹೊಟ್ಟೆ ಕೊಯ್ದ ಮೇಲೆ ಎದೆ ತುಂಬ ಉಸಿರೆಳೆಯಲು ಯಾರಿಗೆ ಧೈರ್ಯ ಬಂದೀತು? ಸಾಲದ್ದಕ್ಕೆ, ನೋಡಲು ಬಂದ ಹುಲ್ಲಹಳ್ಳಿಯ ನಾದಿನಿ ಬಾಣಂತಿಗೆ ಕಟ್ಟುವ ಹಾಗೆ ಹಳೇ ಸೀರೆಯಿಂದ ಹೊಟ್ಟೆ ಬಿಗಿದು, "ಕೆಮ್ಮೀಯ ಜ್ವಾಕೆ, ಒಲ್ಗೆ ಬಿಚ್ಕತದೆ" ಎಂದು ಹೇಳಿ ಹೋದರು. (ಪ್ರೀತಿಯಿಂದಲೇ!) ಅಕ್ಕ ಕೆಮ್ಮನ್ನು ನುಂಗಿದರು. ಕಫ ಕಟ್ಟಿತು. ಮೂಗಿಗೆ ಆಕ್ಸಿಜನ್ ಬಂತು.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಮೇಡಂ, ಮೊದಲೇ ಒಲೆ ಹೊಗೆ ಕುಡಿದ ಲಂಗ್ಸ್. ಹೀಗೇ ಮೇಲೆ ಮೇಲೆ ಉಸಿರಾಡ್ತಿದ್ರೆ ನ್ಯುಮೋನಿಯಾ ಆಗ್ಬಹುದು. ಮೈಸೂರಿಗೆ ಕಳಿಸಿ ವೆಂಟಿಲೇಟರ್ ಹಾಕಿಸ್ಬೇಕಾಗುತ್ತೆ. ಈ ವಯಸ್ಸಿನಲ್ಲಿ..."



ಸಿಸ್ಟರ್ ಬಂದು ಸೀರೆಯ ಕಟ್ಟು ಬಿಚ್ಚಿದರು. ಹೊಟ್ಟೆಗೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸಿದರು. ಆಮೇಲೆ, ಲಂಗ್ಸಿನ ವ್ಯಾಯಾಮಕ್ಕೆಂದು ಕೊಟ್ಟಿದ್ದ ಆ ಚೆಂಡಿನ ಡಬ್ಬಿಯನ್ನು ಮತ್ತೆ ಕೈಗಿಟ್ಟರು. "ಅಜ್ಜಿ, ಊದಬೇಡಿ. ಒಳಕ್ಕೆ ಎಳ್ಕೊಳ್ಳಿ."

ಅಕ್ಕ ಮತ್ತೆ ಊದಿದರು! ಜೀವಮಾನವಿಡೀ ಊದುಗೊಳವೆಯಿಂದ ಹಸಿ ಸೌದೆ ಉರಿಸಿದ ಬಾಯಿ. ಕೊಳವೆ ಕಂಡರೆ ಇನ್ನೇನು ಮಾಡೀತು?

"ಎಳ್ಕಳ್ದೆ ಎಂಗವ್ವ ಊದಾದು?" ಅಕ್ಕನಿಗೆ ರೇಗಿತು. "ಒಟ್ಟೆ ತುಂಬ ಉಸ್ರೆಳ್ಕಂಡೇ ಅಲ್ವಾ ಊದಾದು?"

"ಅದೇ ಅಜ್ಜಿ! ಆ ಎಳ್ಕೊಳ್ಳೋದಷ್ಟೇ ಇದರಲ್ಲಿ ಮಾಡಿ. ಊದೋದು ಬೇಡ."

"ಅರ್ಧ ಕೆಲ್ಸ ಸಾಕಾ? ಮೊದ್ಲೇ ಅಂಗನ್ನಾದಲ್ವಾ!"

ಎಳೆದರು. ನೋವಿಗೆ ಕಣ್ಣು ತುಂಬಿತು. ಒಂದು ಚೆಂಡು ಎದ್ದಿತು, ಬಿತ್ತು. ಬೆವರು ಒರೆಸಿಕೊಂಡು ಮತ್ತೆ ಎಳೆದರು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಊಟ, ನಿದ್ದೆ, ನೆಂಟರ ಮಾತು ಎಲ್ಲದರ ನಡುವೆ ಆ ಡಬ್ಬಿಯೇ. ಎರಡನೆಯದು ಎದ್ದಿತು. ಕೊನೆಗೊಂದು ಬೆಳಿಗ್ಗೆ ಮೂರನೆಯದೂ! ಅಷ್ಟರಲ್ಲಿ ಆಕ್ಸಿಜನ್ ತೆಗೆದಾಗಿತ್ತು. ಮೈಸೂರಿನ ಮಾತು ಯಾರೂ ಎತ್ತಲಿಲ್ಲ.

ಲಂಗ್ಸ್ ಕೆಡಿಸಿದ ಒಲೆಯೇ ಉಸಿರೆಳೆಯುವುದನ್ನೂ ಕಲಿಸಿತ್ತು ಎನ್ನೋಣವೇ? ಅದಕ್ಕೆ ಅಷ್ಟೆಲ್ಲ ಕ್ರೆಡಿಟ್ ಬೇಡ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಉಸಿರೆಳೆದದ್ದು ಅಕ್ಕ.

ಮನೆಗೆ ಬಂದ ಮೇಲೆ ನಾನೂ ಒಂದು ಕೈ ನೋಡೋಣವೆಂದು ಡಬ್ಬಿ ಎತ್ತಿಕೊಂಡೆ. (ಪೈಪು ತೊಳೆದುಕೊಂಡೇ, ಗಾಬರಿಯಾಗಬೇಡಿ.) ಕಾನ್ವೆಂಟ್ ಸ್ಕೂಲಿನ ಕ್ವಾಯರ್‌ನಲ್ಲಿ ಹಾಡಿದವಳು ನಾನು. "ಡೀಪ್ ಬ್ರೆತ್, ಗರ್ಲ್ಸ್!" ಎನ್ನುತ್ತಿದ್ದ ಮದರ್ ಅವರ ದನಿ ಈಗಲೂ ಕಿವಿಯಲ್ಲಿದೆ. ಕಣ್ಣು ಮುಚ್ಚಿ ಎಳೆದೆ. ಎರಡನೇ ಚೆಂಡು ಸ್ವಲ್ಪ ನಡುಗಿ ಸುಮ್ಮನಾಯಿತು.

ಗೋಡೆಗೊರಗಿ ಕೂತಿದ್ದ ಅಕ್ಕ, ದಿಂಬು ಒತ್ತಿಕೊಂಡು ನಗುತ್ತಾ ಕೇಳಿದರು: "ಅಲ್ಲ ಕಣೆ, ಆ ಕಾನ್ವೆಂಟ್ನಲ್ಲಿ ನಿಂಗೆ ಉಸ್ರಾಡಾದ್ನೂ ಕಲಿಸ್ನಿಲ್ವಾ?"